ದುಡಿಯ ನಾಡಿನ ಕೇಳುಗರಿಗೆ ಕೆಲವು ಗಿಟಾರ್ ಆಲ್ಬಂಗಳು

(ಕೊಡಗಿನ ಸಂಗೀತಾಸಕ್ತರ ಮುಂದೆ ಮಾಡಿದ ಭಾಷಣದ ಬರಹರೂಪ)



“ಈ ಆಲ್ಬಂ ಚೆನ್ನಾಗಿದೆ, ಒಮ್ಮೆ ಕೇಳಿ ನೋಡಿ” ಎಂದು ಒಬ್ಬ ಕೇಳುಗ ಇನ್ನೊಬ್ಬನಿಗೆ ಹೇಳುವುದು ತೀರ ಸಣ್ಣ ಸಂಗತಿಯೆಂದು ತೋರಬಹುದು. ಚಲನಚಿತ್ರದ ಹಾಡಿಗೆ ಇಂಥ ಶಿಫಾರಸು ಬೇಕಿಲ್ಲ. ಅದರ ಹಿಂದೆ ನಿರ್ಮಾಪಕನಿದ್ದಾನೆ, ತಾರೆಯರಿದ್ದಾರೆ, ಆಡಿಯೋ ಕಂಪನಿಯಿದೆ. ಬೇಡವೆಂದರೂ ಹಾಡು ಬಸ್ಸಿನಲ್ಲಿ, ಹೋಟೆಲಿನಲ್ಲಿ, ಪಕ್ಕದ ಮನೆಯಲ್ಲಿ ಕಿವಿಗೆ ಬಿದ್ದೇ ಬೀಳುತ್ತದೆ. ತನ್ನ ಕೈಯಿಂದ ಹಣ ಹಾಕಿ ಹಾಡುಗಳನ್ನು ಹೊರತರುವ ಸ್ವತಂತ್ರ ತಂಡಕ್ಕೆ ಈ ಯಾವ ಬಲವೂ ಇಲ್ಲ. ಅದರ ಆಲ್ಬಂ ಊರಿಂದೂರಿಗೆ ಹೋಗುವುದು ಕೇಳಿದವರ ಬಾಯಿಂದ. ಆ ಕಾರಣದಿಂದ ಇಂದು ಇಲ್ಲಿ ಕೆಲವು ಆಲ್ಬಂಗಳ ಹೆಸರು ಹೇಳಿ, ಅವನ್ನೇ ಏಕೆ ಆರಿಸಲಾಯಿತು ಎಂಬುದನ್ನು ವಿವರಿಸುವುದು ಉಚಿತವೆನಿಸುತ್ತದೆ.

ಮೊದಲು ‘ಇಂಡೀ ರಾಕ್’ ಎಂಬ ಹೆಸರು. ಇಂಡಿಪೆಂಡೆಂಟ್ ಎಂಬ ಪದದ ಮೊಟಕು ರೂಪ ಅದು. ಹುಟ್ಟಿದಾಗ ಅದು ಒಂದು ಶೈಲಿಯ ಹೆಸರಾಗಿರಲಿಲ್ಲ, ವ್ಯಾಪಾರದ ಒಂದು ರೀತಿಯ ಹೆಸರಾಗಿತ್ತು. 1977ರ ಜನವರಿಯಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಬಝ್‌ಕಾಕ್ಸ್ ಎಂಬ ತಂಡ, ಮನೆಯವರಿಂದಲೂ ಗೆಳೆಯರಿಂದಲೂ ಸುಮಾರು 500 ಪೌಂಡು ಸಾಲ ಪಡೆದು, ‘ಸ್ಪೈರಲ್ ಸ್ಕ್ರಾಚ್’ ಎಂಬ ನಾಲ್ಕು ಹಾಡುಗಳ ತಟ್ಟೆಯನ್ನು ತಾನೇ ಹೊರತಂದಿತು. ದೊಡ್ಡ ಕಂಪನಿಯ ಬಾಗಿಲು ಕಾಯದೆಯೂ ಧ್ವನಿಮುದ್ರಿಕೆ ತರಬಹುದು ಎಂಬ ಧೈರ್ಯ ಅಲ್ಲಿಂದ ಹಲವು ಊರುಗಳ ಹುಡುಗರಿಗೆ ಬಂತು. ಶೈಲಿಯ ಮಾತು ಬಂದದ್ದು ಆಮೇಲೆ.

ಕನ್ನಡಕ್ಕೆ ಈ ರೀತಿ ಅಷ್ಟೇನೂ ಪರಕೀಯವಲ್ಲ. ಕನ್ನಡ ಸುಗಮ ಸಂಗೀತದ ಮೊದಲ ಧ್ವನಿಸುರುಳಿ ಎಂದು ಹೆಸರಾದ ‘ನಿತ್ಯೋತ್ಸವ’ 1978ರಲ್ಲಿ ಬಂದಾಗ ಅದರ ಬೆನ್ನಿಗೆ ಯಾವ ಚಿತ್ರವೂ ಇರಲಿಲ್ಲ. ಕೆ. ಎಸ್. ನಿಸಾರ್ ಅಹಮದರ ಕವಿತೆಗಳು, ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆ, ಇವೇ ಅದರ ಬಂಡವಾಳ. ಆಮೇಲೆ ಸಿ. ಅಶ್ವತ್ಥ್ ಶಿಶುನಾಳ ಶರೀಫರ ತತ್ವಪದಗಳನ್ನು ಮನೆಮನೆಗೆ ಮುಟ್ಟಿಸಿದ್ದೂ ಧ್ವನಿಸುರುಳಿಗಳ ಮೂಲಕವೇ. ಗಿಟಾರ್ ಹಿಡಿದ ಇಂದಿನ ತಂಡಗಳು ನಡೆಯುತ್ತಿರುವ ದಾರಿಯನ್ನು ಭಾವಗೀತೆಯ ಗಾಯಕರು ಮೊದಲೇ ಸವೆಸಿದ್ದರು ಎನ್ನಬೇಕು. ರಾಕ್ ಪ್ರಿಯರು ಇದನ್ನು ಒಪ್ಪಲು ಹಿಂಜರಿಯುತ್ತಾರೆ, ಭಾವಗೀತೆಯವರು ಇನ್ನೂ ಹೆಚ್ಚು ಹಿಂಜರಿಯುತ್ತಾರೆ; ಆ ಜಗಳ ಬೇರೆ.

ಇನ್ನು ಕೊಡಗಿನ ಮಾತು. ನಡಿಕೇರಿಯಂಡ ಚಿಣ್ಣಪ್ಪನವರ ‘ಪಟ್ಟೋಲೆ ಪಳಮೆ’ 1924ರಲ್ಲಿ ಪ್ರಕಟವಾಯಿತು. ಕೊಡವರ ಹಾಡು, ಗಾದೆ, ಪದ್ಧತಿಗಳನ್ನು ಕನ್ನಡ ಲಿಪಿಯಲ್ಲಿ ಕೂಡಿಟ್ಟ ಈ ಗ್ರಂಥ ಭಾರತದ ಭಾಷೆಗಳಲ್ಲಿ ಬಂದ ಆರಂಭದ ಜಾನಪದ ಸಂಗ್ರಹಗಳಲ್ಲಿ ಒಂದು. ಅದರ ಬಹುಭಾಗ ಹಾಡುಗಳೇ. ಅವರ ಮೊಮ್ಮಕ್ಕಳಾದ ಬೋವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿಗಳು ಮಾಡಿದ ಇಂಗ್ಲಿಷ್ ಅನುವಾದ 2003ರಲ್ಲಿ ಹೊರಬಂತು. ಆದರೆ ಪುಸ್ತಕ ಎಷ್ಟೇ ದೊಡ್ಡದಾದರೂ ಅದು ಉಳಿಸಿಕೊಡುವುದು ಹಾಡಿನ ಮಾತನ್ನು. ಬಾಳೋಪಾಟ್ ಹಾಡುವಾಗ ನಾಲ್ವರು ದುಡಿ ಹಿಡಿದು ನಿಲ್ಲುತ್ತಾರೆ. ಇಬ್ಬರು ಒಂದು ಸಾಲು ಹಾಡಿದರೆ ಉಳಿದಿಬ್ಬರು ಅದನ್ನು ಎತ್ತಿಕೊಳ್ಳುತ್ತಾರೆ. ಎತ್ತಿಕೊಳ್ಳುವ ಆ ಗಳಿಗೆಯಲ್ಲಿ ಒಂದು ಜೋಡಿಯ ಉಸಿರು ಇನ್ನೊಂದಕ್ಕೆ ದಾಟುವ ರೀತಿ, ದುಡಿಯ ಹಗ್ಗವನ್ನು ಬಿಗಿದು ಸಡಿಲಿಸಿದಾಗ ಏರಿಳಿಯುವ ನಾದ, ಇವು ಅಚ್ಚಿನ ಮೊಳೆಗೆ ಸಿಕ್ಕುವಂಥವಲ್ಲ. ಹಾಡುವ ಕೊರಳು ಕಡಿಮೆಯಾದ ಹಾಗೆ ಮಟ್ಟು ಪುಸ್ತಕದಿಂದ ಆಚೆ ಉಳಿದುಬಿಡುತ್ತದೆ.

ಕೊರಳು ಕಡಿಮೆಯಾಗುತ್ತಿದೆಯೇ ಎಂದರೆ ಜನಗಣತಿಯ ಅಂಕಿಗಳು ಹೌದೆನ್ನುತ್ತವೆ. ಕೊಡವ ತಕ್ಕ್ ತಮ್ಮ ಮಾತೃಭಾಷೆಯೆಂದು ಬರೆಸಿದವರು 2001ರಲ್ಲಿ 1,66,187 ಮಂದಿ; 2011ರಲ್ಲಿ 1,13,857. ಗಣತಿಯವರಿಗೆ ಜನ ಭಾಷೆಯ ಹೆಸರು ಹೇಳುವ ರೀತಿಯೂ ಇಂಥ ಅಂಕಿಗಳನ್ನು ಏರುಪೇರು ಮಾಡುತ್ತದೆ, ನಿಜ. ಆದರೂ ಹತ್ತು ವರ್ಷದಲ್ಲಿ ಐವತ್ತು ಸಾವಿರದ ಇಳಿಕೆಯನ್ನು ಗುಮಾಸ್ತರ ತಪ್ಪೆಂದು ತಳ್ಳಿಹಾಕಲು ಬರುವುದಿಲ್ಲ. ಯುನೆಸ್ಕೋ ಸಂಸ್ಥೆಯ ಅಪಾಯದ ಅಂಚಿನ ಭಾಷೆಗಳ ನಕ್ಷೆಯಲ್ಲೂ ಇದರ ಹೆಸರಿದೆ. 1993ರಲ್ಲಿ ಆರಂಭವಾದ ಮಡಿಕೇರಿ ಆಕಾಶವಾಣಿ, ಆಮೇಲೆ ಬಂದ ಕೊಡವ ಸಾಹಿತ್ಯ ಅಕಾಡೆಮಿ ಇವು ತಮ್ಮ ಕೆಲಸ ಮಾಡಿವೆ. ಆದರೆ ಹದಿನೆಂಟರ ಹುಡುಗನೋ ಹುಡುಗಿಯೋ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ತಾನಾಗಿಯೇ ಕೇಳುವ ಸಂಗೀತ ಯಾವ ನುಡಿಯಲ್ಲಿದೆ ಎಂಬ ಪ್ರಶ್ನೆ ಬಾನುಲಿಯಿಂದಲೂ ಅಕಾಡೆಮಿಯಿಂದಲೂ ಬಗೆಹರಿಯುವಂಥದ್ದಲ್ಲ.

ಇಂದಿನ ಪಟ್ಟಿಯನ್ನು ಮಾಡಿರುವುದು ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು. ಮಾರುಕಟ್ಟೆ ಇಲ್ಲದ ನುಡಿಯಲ್ಲಿ, ಅಥವಾ ಮಾರುಕಟ್ಟೆ ಒಪ್ಪದ ಹಳೆಯ ಹಾಡನ್ನು ಹಿಡಿದು, ಗಿಟಾರ್ ತಂಡವೊಂದು ಆಲ್ಬಂ ಮಾಡಿದಾಗ ಏನಾಯಿತು? ಎಲ್ಲೆಲ್ಲಿ ಗೆದ್ದಿತು, ಎಲ್ಲೆಲ್ಲಿ ಎಡವಿತು?

ಮೊದಲ ಹೆಸರು ‘ಮೂಂಗ್’. ವೇಲ್ಸ್ ನಾಡಿನ ಸೂಪರ್ ಫರಿ ಅನಿಮಲ್ಸ್ ತಂಡ 2000ದ ಮೇ ತಿಂಗಳಲ್ಲಿ ಹೊರತಂದ ಆಲ್ಬಂ ಇದು. ವೆಲ್ಷ್ ನುಡಿಯಲ್ಲಿ ಆ ಹೆಸರಿಗೆ ಕುದುರೆಯ ಕೇಸರ ಎಂದರ್ಥ. ಅದಕ್ಕೆ ಮುಂಚೆ ಈ ತಂಡ ಇಂಗ್ಲಿಷಿನಲ್ಲಿ ಹಾಡಿ ಬ್ರಿಟನ್ನಿನಾದ್ಯಂತ ಹೆಸರು ಮಾಡಿತ್ತು. ಅವರ ಆಲ್ಬಂಗಳನ್ನು ಪ್ರಕಟಿಸುತ್ತಿದ್ದ ಕ್ರಿಯೇಷನ್ ಕಂಪನಿ ಮುಚ್ಚಿಹೋಗುವ ಹೊತ್ತಿಗೆ ಅವರು ಸಂಪೂರ್ಣ ವೆಲ್ಷ್ ನುಡಿಯ ಈ ಆಲ್ಬಮನ್ನು ತಮ್ಮದೇ ಸಣ್ಣ ಲೇಬಲಿನಿಂದ ತಂದರು. ಅದು ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ 11ನೆಯ ಸ್ಥಾನಕ್ಕೇರಿತು. ಅಲ್ಲಿಯ ಪಾರ್ಲಿಮೆಂಟಿನಲ್ಲೂ ಅದಕ್ಕೆ ಅಭಿನಂದನೆ ಸಂದಿತು. ಕೇಳುವವರು ಗಮನಿಸಬೇಕಾದದ್ದು ಬೇರೊಂದು. ಈ ಆಲ್ಬಮಿನಲ್ಲಿ ನುಡಿಯ ಮೇಲಿನ ಭಕ್ತಿಯ ಘೋಷಣೆ ಕಿವಿಗೆ ರಾಚುವುದಿಲ್ಲ. ಹಾಡುಗಳು ಮಂದವಾಗಿ, ಸ್ವಲ್ಪ ಮಂಕಾಗಿಯೇ ಸಾಗುತ್ತವೆ. ಇದು ತಮ್ಮ ಮನೆಮಾತು, ಅದಕ್ಕಾಗಿ ಹಾಡುತ್ತೇವೆ ಎನ್ನುವ ಸಹಜತೆ ಅಲ್ಲಿದೆ. ಭಾಷೆ ಉಳಿಸಿ ಎಂದು ಕೂಗುವ ಹಾಡಿಗಿಂತ ಆ ಭಾಷೆಯಲ್ಲಿ ಬೇಸರವನ್ನೂ ತಮಾಷೆಯನ್ನೂ ಹೇಳುವ ಹಾಡು ಹೆಚ್ಚು ಕಾಲ ಬಾಳುತ್ತದೆ ಎಂಬುದಕ್ಕೆ ಇಪ್ಪತ್ತೈದು ವರ್ಷ ಕಳೆದರೂ ಹಳಸದ ಈ ಆಲ್ಬಮೇ ಸಾಕ್ಷಿ.

ಅದರಲ್ಲಿ ಒಂದು ಹಾಡು ಡಾಟ್ಬ್ಲಗಿ ಎಂಬ ಇನ್ನೊಂದು ವೆಲ್ಷ್ ತಂಡದ್ದು. ಆ ತಂಡದ ಕಥೆಯಲ್ಲಿ ಶಿಫಾರಸಿನ ಶಕ್ತಿ ಎಂಥದೆಂಬುದು ಕಾಣುತ್ತದೆ. ಬಿಬಿಸಿ ರೇಡಿಯೋ ಒಂದರಲ್ಲಿ 1967ರಿಂದ 2004ರಲ್ಲಿ ತೀರಿಕೊಳ್ಳುವವರೆಗೆ ಕಾರ್ಯಕ್ರಮ ನಡೆಸಿದ ಜಾನ್ ಪೀಲ್ ಎಂಬಾತ, ಯಾರೂ ಕೇಳಿರದ ತಂಡಗಳ ತಟ್ಟೆಗಳನ್ನು ರಾತ್ರಿಯ ಹೊತ್ತು ಹಾಕುತ್ತಿದ್ದ. ವೆಲ್ಷ್ ಬಾರದ ಆತ ಡಾಟ್ಬ್ಲಗಿಯ ಹಾಡುಗಳನ್ನು ಮೆಚ್ಚಿ, ಅವರನ್ನು ಹಲವು ಸಲ ಕರೆಸಿ ಹಾಡಿಸಿದ. ಅರ್ಥ ತಿಳಿಯದ ಹಾಡನ್ನೂ ಪ್ರಾಮಾಣಿಕವಾಗಿ ಶಿಫಾರಸು ಮಾಡಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕುವುದು ಕಷ್ಟ.

ವೆಲ್ಷ್ ಮಾತಾಡುವವರು ಐದು ಲಕ್ಷಕ್ಕೂ ಹೆಚ್ಚು. ಅದನ್ನು ಕೊಡವ ತಕ್ಕ್ ಜೊತೆ ಹೋಲಿಸುವುದು ಸರಿಯಲ್ಲ ಎಂಬ ಆಕ್ಷೇಪ ಬರಬಹುದು. ಹಾಗಾದರೆ ಎರಡನೆಯ ಹೆಸರು: ‘ಲೆ ಕೋವ್’. ಗ್ವೆನ್ನೋ ಎಂಬ ಗಾಯಕಿ 2018ರಲ್ಲಿ ತಂದ ಈ ಆಲ್ಬಮಿನ ನುಡಿ ಕಾರ್ನಿಷ್. ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲಿನ ಈ ಭಾಷೆಯನ್ನು ತಾಯಿನುಡಿಯಾಗಿ ಆಡಿದ ಕೊನೆಯವಳೆಂದು ಸಾಮಾನ್ಯವಾಗಿ ಹೆಸರಿಸುವ ಡಾಲಿ ಪೆಂಟ್ರೀತ್ ಎಂಬ ಮೀನು ಮಾರುವ ಹೆಂಗಸು 1777ರಲ್ಲಿ ತೀರಿಕೊಂಡಳು. 1904ರಲ್ಲಿ ಹೆನ್ರಿ ಜೆನ್ನರ್ ಎಂಬ ವಿದ್ವಾಂಸ ಒಂದು ಕೈಪಿಡಿ ಬರೆದ ಮೇಲೆ ಆಸಕ್ತರು ಅದನ್ನು ಮತ್ತೆ ಕಲಿಯತೊಡಗಿದರು. ಅದು ಸತ್ತ ಭಾಷೆಯೆಂದು ಯುನೆಸ್ಕೋ ನಕ್ಷೆ ಬರೆದಿತ್ತು. ಮಾತಾಡುವವರು ಆಕ್ಷೇಪಿಸಿದ ಮೇಲೆ 2010ರಲ್ಲಿ ಅದನ್ನು ತಿದ್ದಿ, ತೀವ್ರ ಅಪಾಯದಲ್ಲಿದೆ ಎಂದು ಬದಲಿಸಿತು. 2011ರ ಬ್ರಿಟಿಷ್ ಜನಗಣತಿಯಲ್ಲಿ ಇದೇ ತಮ್ಮ ಮುಖ್ಯ ಭಾಷೆ ಎಂದು ಬರೆಸಿದವರು ಐನೂರು ಚಿಲ್ಲರೆ ಮಂದಿ. ಕೊಡಗಿನ ಒಂದು ದೊಡ್ಡ ಮದುವೆಗೆ ಅದಕ್ಕಿಂತ ಹೆಚ್ಚು ಜನ ಬರುತ್ತಾರೆ.

ಗ್ವೆನ್ನೋ ಕಾರ್ಡಿಫಿನಲ್ಲಿ ಹುಟ್ಟಿ ಬೆಳೆದವಳು. ತಂದೆ ಟಿಮ್ ಸಾಂಡರ್ಸ್ ಕಾರ್ನಿಷ್ ಭಾಷೆಯ ಕವಿ. ಮನೆಯಲ್ಲಿ ಆಡುತ್ತಿದ್ದ ಮಾತನ್ನೇ ಆಕೆ ಹಾಡಿಗೆ ತಂದಳು. ‘ಲೆ ಕೋವ್’ ಎಂದರೆ ನೆನಪಿನ ಸ್ಥಳ. ಇಷ್ಟು ಗಂಭೀರ ಹೆಸರಿನ ಆಲ್ಬಮಿನಲ್ಲಿ ಎಲ್ಲಕ್ಕಿಂತ ಹೆಚ್ಚು ಜನಪ್ರಿಯವಾದ ಹಾಡು ಯಾವುದರ ಬಗ್ಗೆ ಎಂದರೆ, ಗಿಣ್ಣದ ಬಗ್ಗೆ! ಮನೆಯಲ್ಲಿ ಚೀಸ್ ಇದೆಯೇ ಇಲ್ಲವೇ ಎಂಬ ಹಳೆಯ ಮಾತೊಂದನ್ನು ಹಿಡಿದು ಕುಣಿಯುವಂಥ ತಾಳಕ್ಕೆ ಕೂಡಿಸಿದ್ದಾಳೆ. ಸಭೆಯಲ್ಲಿ ಕಾರ್ನಿಷ್ ಬಾರದ ನೂರಾರು ಮಂದಿ ಆ ಸಾಲನ್ನು ಒಟ್ಟಿಗೆ ಕೂಗುತ್ತಾರೆ. ನುಡಿ ಬಾರದವರ ನಾಲಿಗೆಯ ಮೇಲೆ ಅದರ ನಾಲ್ಕು ಶಬ್ದಗಳನ್ನು ಕೂರಿಸುವ ಈ ಕೆಲಸ ವ್ಯಾಕರಣದ ಪುಸ್ತಕದಿಂದ ಆಗುವಂಥದಲ್ಲ. ಆಕೆಯ ಮುಂದಿನ ಆಲ್ಬಂ ‘ಟ್ರೆಸರ್’ 2022ರಲ್ಲಿ ಬಂದು, ಅದೇ ವರ್ಷ ಮರ್ಕ್ಯುರಿ ಬಹುಮಾನದ ಅಂತಿಮ ಪಟ್ಟಿ ಸೇರಿತು. 2025ರ ‘ಯುಟೋಪಿಯಾ’ದಲ್ಲಿ ಆಕೆ ಹೆಚ್ಚಾಗಿ ಇಂಗ್ಲಿಷಿನಲ್ಲಿ ಹಾಡಿದ್ದಾಳೆ. ಕೆಲವರಿಗೆ ಇದು ಬೇಸರ ತಂದಿರಬಹುದು. ಆದರೆ ಕಲಾವಿದೆಯನ್ನು ಭಾಷೆಯ ಕಾವಲಿಗೆ ಕಟ್ಟಿಹಾಕುವುದು ನ್ಯಾಯವಲ್ಲ. ಒಂದನ್ನೇ ಕೇಳಲು ಸಮಯವಿರುವವರು ‘ಟ್ರೆಸರ್’ ಬದಿಗಿಟ್ಟು ‘ಲೆ ಕೋವ್’ ಕೇಳುವುದು ಮೇಲು. ಮೊದಲನೆಯದು ಹೆಚ್ಚು ನಯ, ಎರಡನೆಯದರಲ್ಲಿ ಹೆಚ್ಚು ಜೀವ.

ಪಶ್ಚಿಮದಿಂದ ಈಗ ನೆರೆಮನೆಗೆ ಬರೋಣ. ಮಾಕುಟ್ಟದ ಘಾಟಿ ಇಳಿದರೆ ಕೇರಳ. ಅಲ್ಲಿಯ ‘ಅವಿಯಲ್’ ತಂಡ 2008ರಲ್ಲಿ ತನ್ನ ಹೆಸರಿನದೇ ಆಲ್ಬಂ ತಂದಿತು. ಎಂಟು ಹಾಡು, ಎಲ್ಲವೂ ಮಲಯಾಳದಲ್ಲಿ. ಗಿಟಾರಿನ ಸದ್ದು ಯಾವುದೇ ಪಾಶ್ಚಾತ್ಯ ತಂಡಕ್ಕೆ ಕಡಿಮೆಯಿಲ್ಲ. ಅದರಲ್ಲಿ ‘ಆಡು ಪಾಂಬೇ’ ಎಂಬುದಕ್ಕೆ ಆಧಾರ ನಾರಾಯಣ ಗುರುಗಳ ಕುಂಡಲಿನಿ ಪಾಟ್ಟು. ಸಂತನ ಪದವನ್ನು ಬಿರುಸಿನ ರಾಕ್ ತಾಳಕ್ಕೆ ಹಾಕಿದಾಗ ಭಕ್ತಿ ಕೆಡಲಿಲ್ಲ ಎಂಬುದು ಕೇಳಿದವರಿಗೆ ತಿಳಿಯುತ್ತದೆ. ಮಲಯಾಳ ಸಣ್ಣ ನುಡಿಯೇನಲ್ಲ. ಆದರೆ ಮಲಯಾಳದಲ್ಲಿ ರಾಕ್ ಹಾಡುವುದು ನಗೆಪಾಟಲು ಎಂದು ಕಾಲೇಜು ಹುಡುಗರೇ ನಂಬಿದ್ದ ಕಾಲವೊಂದಿತ್ತು. ಆ ನಂಬಿಕೆಯನ್ನು ಒಡೆದ ಆಲ್ಬಂ ಇದು. ಕೇರಳದ ಇನ್ನೊಂದು ಹಾಡು ದೆಹಲಿಯ ಇಂಡಿಯನ್ ಓಷನ್ ತಂಡದ ‘ಕಂದೀಸಾ’ ಆಲ್ಬಮಿನಲ್ಲಿದೆ. 2000ದಲ್ಲಿ ಬಂದ ಆ ಆಲ್ಬಮಿಗೆ ಹೆಸರು ಕೊಟ್ಟಿರುವುದು ಸಿರಿಯನ್ ಕ್ರೈಸ್ತರ ಅರಾಮಿಕ್ ನುಡಿಯ ಪ್ರಾರ್ಥನೆ. ಹಾಡುವವರಿಗೂ ಕೇಳುವವರಿಗೂ ಮಾತೃಭಾಷೆಯಲ್ಲದ ಆ ಪ್ರಾರ್ಥನೆ ಒಂದು ಪೀಳಿಗೆಯ ವಿದ್ಯಾರ್ಥಿಗಳಿಗೆ ಬಾಯಿಪಾಠವಾಯಿತು.

ಕನ್ನಡದ ಆಲ್ಬಂ ಯಾವುದು ಎಂದರೆ ಎಲ್ಲರೂ ಹೇಳುವ ಹೆಸರನ್ನೇ ಇಲ್ಲೂ ಹೇಳಬೇಕಾಗುತ್ತದೆ. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್, ‘ಅಂತರಾಗ್ನಿ’ ಎಂಬ ತಂಡ ಕಟ್ಟಿ, ಆಮೇಲೆ ತಮ್ಮ ಹೆಸರಿನ ತಂಡದಿಂದ 2008ರಲ್ಲಿ ಮೊದಲ ಆಲ್ಬಂ ತಂದರು. ಹಿಂದಿ ಚಿತ್ರಸಂಗೀತದ ವಿಶಾಲ್ ಮತ್ತು ಶೇಖರ್ ಜೋಡಿ ನಡೆಸುತ್ತಿದ್ದ ಸಣ್ಣ ಲೇಬಲ್ ಅದನ್ನು ಪ್ರಕಟಿಸಿತು. ಎಂಟು ಹಾಡುಗಳಲ್ಲಿ ಹೆಚ್ಚಿನವು ಹಿಂದಿ, ಒಂದು ಇಂಗ್ಲಿಷ್, ಕನ್ನಡದವು ಎರಡು. ಆ ಎರಡೂ ಶರೀಫರವು: ‘ಗುಡುಗುಡಿಯ ಸೇದಿ ನೋಡೋ’ ಮತ್ತು ‘ಸೋರುತಿಹುದು ಮನೆಯ ಮಾಳಿಗಿ’. ಲೆಕ್ಕದಲ್ಲಿ ಎರಡಾದರೂ ಆಲ್ಬಂ ನಿಂತಿರುವುದು ಅವುಗಳ ಮೇಲೆ. ಶಿಗ್ಗಾವಿ ಸೀಮೆಯಲ್ಲಿ 1819ರಿಂದ 1889ರವರೆಗೆ ಬಾಳಿದ ಶರೀಫರು ಹುಕ್ಕಾ, ಸೋರುವ ಮಾಳಿಗೆ, ಇಂಥ ಕಣ್ಣೆದುರಿನ ವಸ್ತುಗಳಲ್ಲೇ ಒಳಗಿನ ಮಾತು ಹೇಳಿದವರು. ಅವರ ಪದಗಳಲ್ಲಿ ತಾಳ ಮಾತಿನೊಳಗೇ ಇದೆ. ದೀಕ್ಷಿತರ ಗಿಟಾರ್ ಆ ತಾಳವನ್ನು ಹಿಂಬಾಲಿಸುತ್ತದೆ, ಎಳೆದಾಡುವುದಿಲ್ಲ. ನಡುವೆ ಪಿಟೀಲು ಸೇರಿ ಬಯಲಿನ ಗಾಳಿ ಬೀಸಿದಂತಾಗುತ್ತದೆ. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲೂ 2011ರಲ್ಲಿ ಗ್ಲಾಸ್ಟನ್‌ಬರಿ ಉತ್ಸವದಲ್ಲೂ ಈ ತಂಡ ಹಾಡಿತು. 2013ರ ‘ಜಗ್ ಚಂಗಾ’ದಲ್ಲಿ ಶರೀಫರ ‘ಲೋಕದ ಕಾಳಜಿ’ ಇದೆ. ಆ ಆಲ್ಬಂ ಹೊಳಪಿನಲ್ಲಿ ಮೊದಲಿನದನ್ನು ಮೀರಿಸಿದೆ, ರುಚಿಯಲ್ಲಿ ಮೀರಿಸಿಲ್ಲ.

ರಘು ಅವರ ತಮ್ಮ ವಾಸು ದೀಕ್ಷಿತ್ ಹಾಡುವ ‘ಸ್ವರಾತ್ಮ’ ತಂಡದ ಮೊದಲ ಆಲ್ಬಂ 2009ರದ್ದು. ಅದರಲ್ಲಿ ‘ಈ ಭೂಮಿ’ ಎಂಬ ಕನ್ನಡದ ಹಾಡು ಕೇಳಬೇಕಾದದ್ದು. 2012ರ ‘ಟೋಪಿವಾಲೆ’ ರಾಜಕಾರಣಿಗಳ ಮೇಲಿನ ವಿಡಂಬನೆಗೆ ಹೆಸರಾಯಿತು. ಹಾಡುಗಳು ಹೆಚ್ಚಾಗಿ ಹಿಂದಿಯವು. ಬೆಂಗಳೂರಿನ ಹಿರಿಯ ತಂಡ ‘ಥರ್ಮಲ್ ಅಂಡ್ ಎ ಕ್ವಾರ್ಟರ್’ 1996ರಲ್ಲಿ ಹುಟ್ಟಿದ್ದು, ಹಾಡುವುದು ಇಂಗ್ಲಿಷಿನಲ್ಲಿ. ಅವರ 2012ರ ಮೂರು ತಟ್ಟೆಗಳ ‘ತ್ರೀ ವೀಲ್ಸ್ ನೈನ್ ಲೈವ್ಸ್’ನಲ್ಲಿ ಆಟೋರಿಕ್ಷಾದ ಬೆಂಗಳೂರಿದೆ, ವಾದನದಲ್ಲಿ ಇವರನ್ನು ಮೀರಿಸುವವರು ಕಡಿಮೆ, ಆದರೆ ಇಂದಿನ ಪ್ರಶ್ನೆಗೆ ಅವರಲ್ಲಿ ಉತ್ತರ ಹುಡುಕುವಂತಿಲ್ಲ. ಅದಕ್ಕಿಂತ ಹತ್ತಿರವಾಗುವುದು ಅರುಣಾಚಲದ ತಾಬಾ ಚಾಕೆ 2019ರಲ್ಲಿ ತಂದ ‘ಬಾಂಬೆ ಡ್ರೀಮ್ಸ್’. ಹಿಂದಿ, ಇಂಗ್ಲಿಷ್, ಅಸ್ಸಾಮಿಗಳ ಜೊತೆಗೆ ತನ್ನ ಮನೆಮಾತಾದ ನೀಶಿಯಲ್ಲೂ ಆತ ಹಾಡುತ್ತಾನೆ. ರಾಕ್ ಎನ್ನಲಾಗದಷ್ಟು ಮೆಲುವಾದ ಸಂಗೀತ. ಮಳೆಗಾಲದ ಮಧ್ಯಾಹ್ನಕ್ಕೆ ಚೆನ್ನಾಗಿ ಹೊಂದುತ್ತದೆ. ನಾಲ್ಕು ನುಡಿಗಳ ಒಂದೇ ಆಲ್ಬಮಿನಲ್ಲಿ ಸಣ್ಣ ನುಡಿಗೆ ಒಂದು ಕುರ್ಚಿ ಹಾಕಿಕೊಡುವ ಈ ಉಪಾಯ ಕೊಡಗಿಗೆ ಬಹಳ ಹೊಂದುತ್ತದೆ. ಕೊಡವ ತಕ್ಕ್, ಅರೆಭಾಷೆ, ಯರವರ ನುಡಿ, ಕುರುಬರ ನುಡಿ, ಕನ್ನಡ, ಮಲಯಾಳ, ತುಳು ಇಷ್ಟೂ ಒಂದೇ ಸಂತೆಯಲ್ಲಿ ಕೇಳಿಬರುವ ಜಿಲ್ಲೆ ಇದು.

ಈ ಆಲ್ಬಂಗಳನ್ನು ಕೇಳಿದ ಮೇಲೆ ಕೊಡಗಿನ ಗಿಟಾರ್ ವಾದಕರಿಗೆ ಬಾಳೋಪಾಟನ್ನು ರಾಕ್ ಮಾಡುವ ಆಸೆ ಹುಟ್ಟಿದರೆ ಆಶ್ಚರ್ಯವಿಲ್ಲ. ಆಸೆ ಒಳ್ಳೆಯದೇ, ಆದರೆ ಎರಡು ತೊಡಕುಗಳಿವೆ. ಒಂದು, ರಾಕ್ ಸಂಗೀತದ ಡ್ರಮ್ಮು ನಾಲ್ಕು ಪೆಟ್ಟಿನ ಲೆಕ್ಕವನ್ನು ಗಟ್ಟಿಯಾಗಿ ಹಿಡಿಯುತ್ತದೆ. ದುಡಿಯ ಹಾಡಿನಲ್ಲಿ ಸಾಲು ಮುಗಿಯುವುದು ಉಸಿರಿನ ಲೆಕ್ಕದಲ್ಲಿ. ಮೊದಲ ಜೋಡಿ ಎಳೆದಷ್ಟು ಎಳೆದು ಬಿಟ್ಟದ್ದನ್ನು ಎರಡನೆಯ ಜೋಡಿ ಹಿಡಿಯುತ್ತದೆ. ಅದನ್ನು ಕಂಪ್ಯೂಟರಿನ ತಾಳಕ್ಕೆ ಕೂರಿಸಿದರೆ ಉಳಿಯುವುದು ಕೊಡವ ಮಾತಿನ ಸಿನಿಮಾ ಹಾಡು. ಶರೀಫರ ಪದಕ್ಕೆ ಈ ತೊಂದರೆ ಬರಲಿಲ್ಲ, ಏಕೆಂದರೆ ಅದು ಮೊದಲೇ ತಾಳಬದ್ಧ. ಡ್ರಮ್ಮನ್ನು ಬಿಟ್ಟು ದುಡಿಯನ್ನೇ ತಾಳಕ್ಕೆ ಇಟ್ಟುಕೊಂಡು, ಇಬ್ಬರು ಗಾಯಕರು ಮತ್ತು ಎರಡು ಗಿಟಾರುಗಳು ಎದುರುಬದುರಾಗಿ ಸಾಲು ಹಂಚಿಕೊಂಡರೆ ಹೇಗಿರುತ್ತದೆ ಎಂಬುದು ಪ್ರಯೋಗ ಮಾಡಿ ನೋಡುವವರ ಪಾಲಿಗೆ ಬಿಟ್ಟದ್ದು.

ಇನ್ನೊಂದು ತೊಡಕು ಸಂಗೀತದ್ದಲ್ಲ, ಹಕ್ಕಿನದು. ಕೊಡಗಿನ ಮದುವೆಯಲ್ಲಿ, ಮಂದಿನಲ್ಲಿ ಎಲ್ಲರನ್ನೂ ಕುಣಿಸುವ ವಾಲಗವನ್ನು ತಲೆಮಾರುಗಳಿಂದ ನುಡಿಸುತ್ತ ಬಂದವರು ಮೇದರೇ ಮೊದಲಾದ ಸಮುದಾಯಗಳ ಕಲಾವಿದರು. ಕುಣಿಯುವವರ ಫೋಟೋ ಎಲ್ಲೆಡೆ ಸಿಕ್ಕುತ್ತದೆ, ನುಡಿಸುವವರ ಹೆಸರು ಸಿಕ್ಕುವುದಿಲ್ಲ. ನಾಳೆ ಯಾವುದೇ ತಂಡ ವಾಲಗದ ಒಂದು ತುಣುಕನ್ನು ಧ್ವನಿಮುದ್ರಿಸಿ ತನ್ನ ಹಾಡಿಗೆ ಸೇರಿಸಿಕೊಂಡರೆ, ಆಲ್ಬಮಿನ ಹೊದಿಕೆಯ ಮೇಲೆ ಆ ನುಡಿಸಿದವರ ಹೆಸರು, ಬಂದ ಹಣದಲ್ಲಿ ಅವರ ಪಾಲು ಎರಡೂ ಇರಲೇಬೇಕು. ‘ಜಾನಪದ’ ಎಂದು ಬರೆದು ಕೈತೊಳೆದುಕೊಳ್ಳುವ ರೂಢಿ ಕನ್ನಡದ ಧ್ವನಿಸುರುಳಿಗಳ ಕಾಲದಿಂದ ಬಂದಿದೆ. ಸ್ವತಂತ್ರ ಎನ್ನಿಸಿಕೊಳ್ಳುವ ಸಂಗೀತ ಅದನ್ನು ಮುಂದುವರಿಸಿದರೆ ಆ ಹೆಸರಿಗೆ ಅರ್ಥವಿಲ್ಲ.

ಖರ್ಚಿನ ವಿಷಯ ಎರಡೇ ಮಾತು. ಧ್ವನಿಮುದ್ರಣಕ್ಕೆ ಈಗ ದೊಡ್ಡ ಸ್ಟುಡಿಯೋ ಬೇಕಿಲ್ಲ. ಅಂತರ್ಜಾಲದಲ್ಲಿ ಹಾಡು ಹರಿಯಬಿಡುವ ಕಂಪನಿಗಳಿಂದ ಸಣ್ಣ ತಂಡಕ್ಕೆ ಬರುವುದು ಪುಡಿಗಾಸು. 2008ರಲ್ಲಿ ಶುರುವಾದ ಬ್ಯಾಂಡ್‌ಕ್ಯಾಂಪಿನಂಥ ಕಡೆ ಆಲ್ಬಮನ್ನು ಹಣ ಕೊಟ್ಟು ಕೊಂಡರೆ ಹೆಚ್ಚಿನ ಪಾಲು ಕಲಾವಿದರಿಗೆ ತಲಪುತ್ತದೆ. 2010ರ ದಶಕದ ಆರಂಭದಲ್ಲಿ ‘ಸ್ಟಾರ್ಮ್’ ಎಂಬ ಸಂಗೀತೋತ್ಸವ ಕೊಡಗಿನಲ್ಲಿ ಡೇರೆ ಹಾಕಿ ನಡೆದಾಗ ಹೊರಗಿನ ಕೇಳುಗರು ಘಾಟಿ ಹತ್ತಿ ಬಂದದ್ದುಂಟು. ಕೇಳುವವರಿದ್ದಾರೆ ಎಂಬುದರಲ್ಲಿ ಸಂಶಯ ಬೇಡ.

ಕೊನೆಗೆ, ಯಾವುದನ್ನು ಮೊದಲು ಕೇಳಬೇಕು ಎಂಬ ಸಹಜ ಪ್ರಶ್ನೆ. ರಾಕ್ ಸಂಗೀತದ ಅಭ್ಯಾಸವೇ ಇಲ್ಲದ ಹಿರಿಯರು ರಘು ದೀಕ್ಷಿತರ ಮೊದಲ ಆಲ್ಬಮಿನ ಶರೀಫರ ಪದಗಳಿಂದ ಆರಂಭಿಸಿ, ಅಲ್ಲಿಂದ ‘ಕಂದೀಸಾ’ಗೆ ಹೋಗಬಹುದು. ಅಭ್ಯಾಸವಿರುವ ಕಿರಿಯರು ‘ಅವಿಯಲ್’ ಕೇಳಿ, ಆಮೇಲೆ ‘ಮೂಂಗ್’ ಹಿಡಿಯಲಿ. ‘ಲೆ ಕೋವ್’ ಎರಡು ಸಲವಾದರೂ ಕೇಳಬೇಕು: ಮೊದಲ ಸಲ ಅರ್ಥದ ಹಂಗಿಲ್ಲದೆ, ಎರಡನೆಯ ಸಲ ಅನುವಾದವನ್ನು ಎದುರಿಗಿಟ್ಟುಕೊಂಡು. ಪುತ್ತರಿಗೆ ಊರಿಗೆ ಬರುವವರು ಇನ್ನೊಂದು ಕೆಲಸವನ್ನೂ ಮಾಡಬಹುದು. ಮನೆಮನೆಗೆ ಹಾಡುತ್ತ ಬರುವವರ ಒಪ್ಪಿಗೆ ಕೇಳಿ, ಒಂದು ಹಾಡನ್ನು ನಡುವೆ ತುಂಡರಿಸದೆ ಮೊದಲಿಂದ ಕೊನೆಯವರೆಗೆ ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಲಿ. ನಾಲ್ವರ ಹೆಸರು, ಊರು, ತಾರೀಕು ಜೊತೆಗೆ ಬರೆದಿಡಲಿ. ಅದನ್ನು ಮೊದಲು ಕಳಿಸುವುದು ಹಾಡಿದವರ ಮನೆಗೇ ಆಗಲಿ.